ಕನ್ನಡದ ಒಂದು ‘ಅಲ್ಲಿ’, ಇಂಗ್ಲಿಷ್‌ನ ಇನ್, ಆನ್, ಆ್ಯಟ್

ಪ್ರಶ್ನೆ: ಇಂಗ್ಲಿಷ್ ಓದಿದರೆ ನನಗೆ ಅರ್ಥವಾಗುತ್ತದೆ. ಬರೆಯಲು ಕೂತಾಗ ಮಾತ್ರ ಇನ್, ಆನ್, ಆ್ಯಟ್ ಯಾವುದನ್ನು ಎಲ್ಲಿ ಹಾಕಬೇಕು ಅಂತ ತಿಳಿಯದೆ ಕೈ ನಿಂತುಬಿಡುತ್ತದೆ. ವ್ಯಾಕರಣದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ, ಬರೆಯುವಾಗ ಒಂದೂ ನೆನಪಿಗೆ ಬರುವುದಿಲ್ಲ. ಸಿನ್ಸ್ ಮತ್ತು ಫಾರ್ ವಿಷಯದಲ್ಲೂ ಇದೇ ಕಥೆ. ‘ಮೇಲೆ’ ಅಂತ ಬರುವ ಕಡೆಯೆಲ್ಲ ಆನ್ ಹಾಕಿದರೆ ತಪ್ಪು ಅಂತಾರೆ. ಇನ್ನೊಂದು ವಿಷಯ: ವಾಕ್ಯದ ಕೊನೆಗೆ ಇಂಥ ಪದ, ಅಂದರೆ ಪ್ರಿಪೊಸಿಷನ್, ಬರಲೇಬಾರದು ಅನ್ನುವುದು ನಿಜವೇ?

ಉತ್ತರ: ನಿಮ್ಮ ತೊಂದರೆ ನೆನಪಿನದ್ದಲ್ಲ. ನೀವು ಮನಸ್ಸಿನಲ್ಲಿ ಒಂದು ಕನ್ನಡ ವಾಕ್ಯ ಇಟ್ಟುಕೊಳ್ಳುತ್ತೀರಿ. ಅದರಲ್ಲಿ ‘ಅಲ್ಲಿ’ ಬಂದರೆ, ಇದಕ್ಕೆ ಇಂಗ್ಲಿಷ್‌ನಲ್ಲಿ ಏನು ಅಂತ ಹುಡುಕುತ್ತೀರಿ. ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಹಾಗಾಗಿ ಎಷ್ಟು ನಿಯಮ ಕಲಿತರೂ ಕೈ ನಿಲ್ಲುತ್ತದೆ.

ಮೂರು ವಾಕ್ಯ ನೋಡಿ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಬಾಗಿಲಲ್ಲಿ ಹೆಸರು ಬರೆದಿದೆ. ಬಾಗಿಲಲ್ಲಿ ತೂತು ಬಿದ್ದಿದೆ. ಮೂರಕ್ಕೂ ನಮಗೆ ‘ಬಾಗಿಲಲ್ಲಿ’ ಸಾಕು. ಇಂಗ್ಲಿಷ್‌ಗೆ ಸಾಲುವುದಿಲ್ಲ. ಯಾರೋ ನಿಂತಿದ್ದರೆ ‘ಆ್ಯಟ್ ದ ಡೋರ್’. ಹೆಸರು ಬರೆದಿದ್ದರೆ ‘ಆನ್ ದ ಡೋರ್’. ತೂತು ಬಿದ್ದಿದ್ದರೆ ‘ಇನ್ ದ ಡೋರ್’. ಬಾಗಿಲು ಅದೇ. ಆದರೆ ನಾವು ಅದನ್ನು ನೋಡುತ್ತಿರುವ ಬಗೆ ಬೇರೆ ಬೇರೆ. ಮೊದಲನೆಯದರಲ್ಲಿ ಬಾಗಿಲು ಬರೀ ಒಂದು ಗುರುತು, ವ್ಯಕ್ತಿ ಇರುವ ಜಾಗವನ್ನು ತೋರಿಸುವ ಬಿಂದು ಅಷ್ಟೇ. ಎರಡನೆಯದರಲ್ಲಿ ಬಾಗಿಲು ಒಂದು ಮೈ, ಅದಕ್ಕೆ ಅಕ್ಷರ ಅಂಟಿಕೊಂಡಿದೆ. ಮೂರನೆಯದರಲ್ಲಿ ಬಾಗಿಲಿಗೆ ದಪ್ಪ ಇದೆ, ಒಳಗು ಇದೆ, ತೂತು ಆ ಒಳಗಿನಲ್ಲಿದೆ.

ಇಂಗ್ಲಿಷ್ ಬರೆಯುವವರು ಕೇಳಿಕೊಳ್ಳಬೇಕಾದ್ದು ಇದನ್ನೇ: ನಾನು ಇಲ್ಲಿ ನೋಡುತ್ತಿರುವುದು ಬಿಂದುವನ್ನೋ, ಮೈಯನ್ನೋ, ಒಳಗನ್ನೋ? ‘ಅಲ್ಲಿ’ಗೆ ಏನು ಅಂತ ಕೇಳುವುದನ್ನು ಬಿಟ್ಟು ಈ ಪ್ರಶ್ನೆ ಕೇಳಲು ಶುರು ಮಾಡಿದರೆ ಅರ್ಧ ದಾರಿ ಸಾಗಿದಂತೆ. ಉಳಿದ ಅರ್ಧ ದಾರಿಗೆ ಬೇರೆ ಉಪಾಯ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಈ ತೊಡಕು ಯಾಕೆ ಹುಟ್ಟಿತು ಅಂತ ತಿಳಿದರೆ ಭಯ ಸ್ವಲ್ಪ ಕಡಿಮೆಯಾಗುತ್ತದೆ. ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಲ್ಲಿಗೆ ಆಗ ‘ಸ್ಟಾನ್’ ಅನ್ನುತ್ತಿದ್ದರು. ‘ಕಲ್ಲಿನ’ ಅನ್ನಲು ‘ಸ್ಟಾನೆಸ್’, ‘ಕಲ್ಲಿಗೆ’ ಅನ್ನಲು ‘ಸ್ಟಾನೆ’. ಪದದ ಬಾಲ ಬದಲಾದರೆ ಅರ್ಥ ಬದಲಾಗುತ್ತಿತ್ತು. ಪ್ರಿಪೊಸಿಷನ್‌ಗಳು ಆಗಲೂ ಇದ್ದವು, ಆದರೆ ಅವುಗಳ ಮೇಲೆ ಇಷ್ಟು ಹೊರೆ ಇರಲಿಲ್ಲ. ಮುಂದಿನ ಕೆಲವು ಶತಮಾನಗಳಲ್ಲಿ ಆ ಬಾಲಗಳು ಸವೆದುಹೋದವು. ಅವು ಮಾಡುತ್ತಿದ್ದ ಕೆಲಸವನ್ನು ಪದಗಳ ಕ್ರಮ ಮತ್ತು ಪ್ರಿಪೊಸಿಷನ್‌ಗಳು ಹಂಚಿಕೊಂಡವು. ‘ಬಾಯ್ಸ್ ಬುಕ್’ ಅನ್ನುವಾಗ ಬರುವ ‘ಸ್’ ಆ ಹಳೆಯ ಪ್ರತ್ಯಯದ ಉಳಿಕೆ. ಇಂದು ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಪದಗಳ ಪಟ್ಟಿ ತೆಗೆದರೆ ಅದರಲ್ಲಿ ಟು, ಆಫ್, ಇನ್ ಮೂರೂ ಸಿಗುತ್ತವೆ. ನಮ್ಮಲ್ಲಿ ಪದದ ಕೊನೆಗೆ ಅಂಟುವುದು ಅವರಲ್ಲಿ ಪದಕ್ಕಿಂತ ಮೊದಲು ಬಿಡಿಯಾಗಿ ನಿಂತಿದೆ. ಕೆಲಸ ಒಂದೇ. ಹಂಚಿಕೊಂಡ ರೀತಿ ಮಾತ್ರ ಬೇರೆ.

ಜಾಗ ಹೇಳುವಾಗ

ಆನ್ ಅಂದರೆ ‘ಮೇಲೆ’ ಅಂತ ಶಾಲೆಯಲ್ಲಿ ಕಲಿಯುತ್ತೇವೆ. ಅದು ಪೂರ್ತಿ ಸರಿಯಲ್ಲ. ಆನ್ ಅಂದರೆ ಮೈಗೆ ತಾಗಿಕೊಂಡಿರುವುದು. ಚಾವಣಿಗೆ ಹಲ್ಲಿ ತಲೆಕೆಳಗಾಗಿ ಅಂಟಿಕೊಂಡಿದ್ದರೂ ಅದು ‘ಆನ್ ದ ಸೀಲಿಂಗ್’. ಗೋಡೆಯ ಗಡಿಯಾರ ‘ಆನ್ ದ ವಾಲ್’. ಬೆರಳಲ್ಲಿ ಉಂಗುರ ಅನ್ನುತ್ತೇವೆ, ಇಂಗ್ಲಿಷ್‌ನಲ್ಲಿ ಅದು ‘ಆನ್ ದ ಫಿಂಗರ್’, ಏಕೆಂದರೆ ಉಂಗುರ ಬೆರಳಿನ ಹೊರಮೈಗೆ ತಾಗಿದೆ. ಅದೇ ಬೆರಳಿಗೆ ಮುಳ್ಳು ಚುಚ್ಚಿ ಒಳಗೆ ಉಳಿದಿದ್ದರೆ ‘ಇನ್ ದ ಫಿಂಗರ್’. ಗೋಡೆಯ ಬಿರುಕು ಕೂಡ ‘ಇನ್ ದ ವಾಲ್’.

ಮರದ ಉದಾಹರಣೆ ನನಗೆ ತುಂಬ ಇಷ್ಟ. ಮರದಲ್ಲಿ ಹಣ್ಣಿದೆ, ಮರದಲ್ಲಿ ಹಕ್ಕಿ ಇದೆ. ಹಣ್ಣು ಕೊಂಬೆಗೆ ಅಂಟಿಕೊಂಡೇ ಬೆಳೆದದ್ದು, ಆದ್ದರಿಂದ ‘ಆನ್ ದ ಟ್ರೀ’. ಹಕ್ಕಿ ಎಲೆ ಕೊಂಬೆಗಳ ನಡುವೆ ಸೇರಿಕೊಂಡಿದೆ. ಮರವೇ ಅದಕ್ಕೊಂದು ಗೂಡಿನ ಹಾಗೆ ಸುತ್ತುವರಿದಿದೆ, ಆದ್ದರಿಂದ ‘ಇನ್ ದ ಟ್ರೀ’. ಒಮ್ಮೆ ಹೀಗೆ ಕಣ್ಣಿಗೆ ಕಟ್ಟಿದರೆ ಮತ್ತೆ ಮರೆಯುವುದಿಲ್ಲ.

ಆ್ಯಟ್ ಸ್ವಲ್ಪ ಬೇರೆ. ಅಲ್ಲಿ ಜಾಗದ ಆಕಾರದ ಬಗ್ಗೆ ನಮಗೆ ಆಸಕ್ತಿ ಇಲ್ಲ. ನಕ್ಷೆಯಲ್ಲಿ ಬೆರಳಿಟ್ಟು ‘ಇಲ್ಲಿ’ ಅಂತ ತೋರಿಸಿದಂತೆ. ‘ಆ್ಯಟ್ ದ ಬಸ್ ಸ್ಟಾಪ್’, ‘ಆ್ಯಟ್ ದ ಗೇಟ್’. ಅಲ್ಲಿ ನಡೆಯುವ ಕೆಲಸ ಮುಖ್ಯವಾದಾಗಲೂ ಆ್ಯಟ್ ಬರುತ್ತದೆ. ‘ಶೀ ಇಸ್ ಆ್ಯಟ್ ಸ್ಕೂಲ್’ ಅಂದರೆ ಪಾಠಕ್ಕೆ ಹೋಗಿದ್ದಾಳೆ. ಅವಳು ಮೈದಾನದಲ್ಲಿರಬಹುದು, ತರಗತಿಯಲ್ಲಿರಬಹುದು. ‘ಶೀ ಇಸ್ ಇನ್ ದ ಸ್ಕೂಲ್’ ಅಂದರೆ ಆ ಕಟ್ಟಡದ ಒಳಗಿದ್ದಾಳೆ. ಹೊರಗೆ ಮಳೆ ಸುರಿಯುತ್ತಿದೆ, ಎಲ್ಲರೂ ಎಲ್ಲಿ ಅಂತ ಕೇಳಿದರೆ ‘ಇನ್’ ಬೇಕು. ಮಗಳೆಲ್ಲಿ, ಯಾಕೆ ಕಾಣಿಸುತ್ತಿಲ್ಲ ಅಂತ ಕೇಳಿದರೆ ‘ಆ್ಯಟ್’ ಸಾಕು. ‘ಆ್ಯಟ್ ದ ಟೇಬಲ್’ ಮತ್ತು ‘ಆನ್ ದ ಟೇಬಲ್’ ವ್ಯತ್ಯಾಸವೂ ಹೀಗೇ. ಮೊದಲನೆಯದು ಕುರ್ಚಿ ಎಳೆದುಕೊಂಡು ಟೇಬಲ್ ಮುಂದೆ ಕೂತದ್ದು, ಎರಡನೆಯದು ಟೇಬಲ್ ಹತ್ತಿ ಕೂತದ್ದು.

ವಾಹನಗಳ ವಿಷಯ ಪ್ರತಿಯೊಬ್ಬರೂ ಕೇಳುತ್ತಾರೆ. ಕಾರು, ಟ್ಯಾಕ್ಸಿಗೆ ಇನ್. ಬಸ್ಸು, ರೈಲು, ವಿಮಾನ, ಹಡಗಿಗೆ ಆನ್. ಒಳಗೆ ಎದ್ದು ನಿಂತು ಓಡಾಡಲು ಆಗುವ ವಾಹನಕ್ಕೆ ಆನ್ ಅಂತ ನೆನಪಿಟ್ಟರೆ ಹೆಚ್ಚುಕಡಿಮೆ ಎಲ್ಲ ಕಡೆ ಸರಿಹೋಗುತ್ತದೆ. ಸೈಕಲ್, ಬೈಕ್, ಕುದುರೆಗೂ ಆನ್, ಅಲ್ಲಿ ಕಾರಣ ಬೇರೆ, ನಾವು ಮೇಲೆಯೇ ಕೂರುತ್ತೇವಲ್ಲ. ಹೋಗುವ ಬಗೆ ಮಾತ್ರ ಹೇಳುವುದಾದರೆ ‘ಬೈ ಬಸ್’, ‘ಬೈ ಟ್ರೇನ್’. ಆಗ ನಡುವೆ ‘ಎ’ ಅಥವಾ ‘ದ’ ಹಾಕಬೇಡಿ.

ಇನ್ನೊಂದು ಜೋಡಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ‘ಎದುರು’ ಎರಡು ಕೆಲಸ ಮಾಡುತ್ತದೆ. ಮನೆ ಎದುರು ಕಾರು ನಿಂತಿದೆ ಅಂದರೆ ‘ಇನ್ ಫ್ರಂಟ್ ಆಫ್ ದ ಹೌಸ್’. ಮನೆ ಎದುರು ಶಾಲೆ ಇದೆ ಅಂದರೆ, ನಡುವೆ ರಸ್ತೆ ಇದ್ದು ಎರಡೂ ಮುಖಾಮುಖಿಯಾಗಿದ್ದರೆ, ‘ಆಪೊಸಿಟ್ ದ ಹೌಸ್’. ಆಪೊಸಿಟ್ ನಂತರ ‘ಟು’ ಸೇರಿಸುವವರು ಬಹಳ. ಜಾಗ ಹೇಳುವಾಗ ಅದಿಲ್ಲದೆಯೇ ಸರಿ.

ಹೊತ್ತು ಹೇಳುವಾಗ

ಬಿಂದು, ಮೈ, ಒಳಗು ಅನ್ನುವ ಅದೇ ಲೆಕ್ಕ ಕಾಲಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ. ಗಡಿಯಾರದ ಹೊತ್ತು ಒಂದು ಬಿಂದು, ಅದಕ್ಕೆ ಆ್ಯಟ್: ‘ಆ್ಯಟ್ ಫೈವ್’. ದಿನಕ್ಕೆ ಆನ್: ‘ಆನ್ ಮಂಡೇ’, ‘ಆನ್ ಜೂನ್ 10’. ತಿಂಗಳು, ವರ್ಷ, ಋತು ದೊಡ್ಡವು, ಒಳಗೆ ಜಾಗ ಇರುವಂಥವು, ಅವಕ್ಕೆ ಇನ್: ‘ಇನ್ ಜೂನ್’, ‘ಇನ್ 1995’. ಬೆಳಗ್ಗೆ, ಮಧ್ಯಾಹ್ನ, ಸಂಜೆಗೆ ಇನ್, ರಾತ್ರಿಗೆ ಮಾತ್ರ ‘ಆ್ಯಟ್ ನೈಟ್’. ಆದರೆ ಬೆಳಗ್ಗೆಗೆ ದಿನದ ಹೆಸರು ಸೇರಿದರೆ ದಿನವೇ ಗೆಲ್ಲುತ್ತದೆ: ‘ಆನ್ ಮಂಡೇ ಮಾರ್ನಿಂಗ್’. ನೆಕ್ಸ್ಟ್, ಲಾಸ್ಟ್, ದಿಸ್, ಎವರಿ ಬಂದ ಕಡೆ ಯಾವುದೂ ಬೇಡ. ‘ಆನ್ ನೆಕ್ಸ್ಟ್ ಮಂಡೇ’ ಅನ್ನುವುದು ನಾನು ತಿದ್ದುವ ಬರಹಗಳಲ್ಲಿ ಪದೇಪದೇ ಸಿಗುತ್ತದೆ. ಬರೀ ‘ನೆಕ್ಸ್ಟ್ ಮಂಡೇ’ ಸಾಕು.

‘ಒಳಗೆ’ ಮತ್ತು ‘ವರೆಗೆ’ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಕೆಲಸವೇ ಕೆಡಬಹುದು. ಶುಕ್ರವಾರದೊಳಗೆ ಕೊಡಿ ಅನ್ನಲು ‘ಬೈ ಫ್ರೈಡೇ’. ಶುಕ್ರವಾರ ಒಂದು ಗಡಿ, ಅದಕ್ಕೆ ಮುಂಚೆ ಯಾವಾಗ ಬೇಕಾದರೂ ಕೊಡಬಹುದು. ಶುಕ್ರವಾರದವರೆಗೆ ಇರುತ್ತೇನೆ ಅನ್ನಲು ‘ಅಂಟಿಲ್ ಫ್ರೈಡೇ’. ಅಲ್ಲಿ ಇರುವಿಕೆ ಗಡಿಯ ತನಕ ಎಡೆಬಿಡದೆ ಸಾಗುತ್ತದೆ. ಒಂದೇ ಸಲ ಆಗಿ ಮುಗಿಯುವ ಕೆಲಸಕ್ಕೆ ಬೈ, ಸಾಗುತ್ತಲೇ ಇರುವ ಕೆಲಸಕ್ಕೆ ಅಂಟಿಲ್. ಒಂದು ವಾರದೊಳಗೆ ಅನ್ನಲು ‘ವಿದಿನ್ ಎ ವೀಕ್’ ಸರಿ, ಏಕೆಂದರೆ ವಾರ ಅನ್ನುವುದು ಒಂದು ಅವಧಿ. ಶುಕ್ರವಾರದ ಹಾಗೆ ಗಡಿಯಾಗಿ ನಿಂತ ದಿನಕ್ಕೆ ವಿದಿನ್ ಹೊಂದುವುದಿಲ್ಲ.

‘ಹತ್ತು ನಿಮಿಷ ಬಿಟ್ಟು ಬರ್ತೀನಿ’ ಅನ್ನಲು ನಾವು ‘ಆಫ್ಟರ್ ಟೆನ್ ಮಿನಿಟ್ಸ್’ ಬರೆಯುತ್ತೇವೆ. ಇಂಗ್ಲಿಷ್‌ನಲ್ಲಿ ಈಗಿನಿಂದ ಎಣಿಸುವಾಗ ‘ಇನ್ ಟೆನ್ ಮಿನಿಟ್ಸ್’ ಸಹಜ. ‘ಐ ವಿಲ್ ಕಾಲ್ ಯೂ ಇನ್ ಟೆನ್ ಮಿನಿಟ್ಸ್’ ಅಂದರೆ ಹತ್ತು ನಿಮಿಷ ಕಳೆದ ಕೂಡಲೇ ಕರೆ ಬರುತ್ತದೆ. ಹತ್ತು ನಿಮಿಷ ಮೀರದ ಹಾಗೆ ಅನ್ನುವ ಮಾತಿಗೆ ವಿದಿನ್ ಬಳಸಿ.

‘ಇಂದ’ ಅನ್ನುವ ದೊಡ್ಡ ಚೀಲ

ಈಗ ಸಿನ್ಸ್, ಫಾರ್ ವಿಷಯಕ್ಕೆ ಬರೋಣ. ನಾವು ‘ಎರಡು ವರ್ಷದಿಂದ’ ಅನ್ನುತ್ತೇವೆ, ‘ಸೋಮವಾರದಿಂದ’ ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷ್ ಇಲ್ಲಿ ಎರಡು ಬೇರೆ ಪ್ರಶ್ನೆ ಕೇಳುತ್ತದೆ. ಎಷ್ಟು ಕಾಲ? ಉತ್ತರ ಅವಧಿ, ಅದಕ್ಕೆ ಫಾರ್: ‘ಫಾರ್ ಟೂ ಇಯರ್ಸ್’. ಯಾವಾಗ ಶುರುವಾಯಿತು? ಉತ್ತರ ಒಂದು ಹೊತ್ತು, ಅದಕ್ಕೆ ಸಿನ್ಸ್: ‘ಸಿನ್ಸ್ ಮಂಡೇ’, ‘ಸಿನ್ಸ್ 2020’.

ಸುಲಭದ ಪರೀಕ್ಷೆ ಬೇಕಾ? ‘ಇಂದ’ ತೆಗೆದು ‘ಪೂರ್ತಿ’ ಅಥವಾ ‘ಇಡೀ’ ಹಾಕಿ ನೋಡಿ ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಅದಕ್ಕಿಂತ ಕ್ಯಾಲೆಂಡರಿನ ಉಪಾಯ ಹಿಡಿಸುತ್ತದೆ. ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಟ್ಟು ತೋರಿಸಲು ಆಗುವುದಾದರೆ ಸಿನ್ಸ್. ಉದ್ದಕ್ಕೆ ಗೆರೆ ಎಳೆಯಬೇಕಾದರೆ ಫಾರ್. ‘ಎರಡು ವರ್ಷ’ಕ್ಕೆ ಚುಕ್ಕೆ ಇಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ‘ಸಿನ್ಸ್ ಟೂ ಇಯರ್ಸ್’ ಯಾವತ್ತೂ ಬರುವುದಿಲ್ಲ.

ಇದರ ಜೊತೆಗೆ ಕ್ರಿಯಾಪದವೂ ಕೈಕೊಡುತ್ತದೆ. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಅನ್ನುವಾಗ ಕನ್ನಡಕ್ಕೆ ವರ್ತಮಾನ ಸಾಕು. ಅದೇ ಅಭ್ಯಾಸದಿಂದ ‘ಐ ಆಮ್ ವರ್ಕಿಂಗ್’ ಬರೆಯುತ್ತೇವೆ. ಹಿಂದೆ ಶುರುವಾಗಿ ಈಗಲೂ ಸಾಗಿರುವ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಪ್ರಿಪೊಸಿಷನ್ ಒಂದನ್ನೇ ತಿದ್ದಿ ಕ್ರಿಯಾಪದ ಹಾಗೇ ಬಿಟ್ಟರೆ ವಾಕ್ಯ ಅರ್ಧ ಮಾತ್ರ ಸರಿಯಾಗುತ್ತದೆ.

‘ಇಂದ’ ಇನ್ನೂ ಏನೇನು ಹೊತ್ತುಕೊಂಡಿದೆ ನೋಡಿ. ಊರಿಂದ ಬಂದೆ ಅಂದರೆ ಫ್ರಮ್. ಚಾಕುವಿನಿಂದ ಕತ್ತರಿಸಿದೆ ಅಂದರೆ ವಿತ್. ಹುಡುಗನಿಂದ ಒಡೆಯಿತು ಅಂದರೆ ಬೈ. ಕೊನೆಯ ಎರಡನ್ನು ಒಂದೇ ವಾಕ್ಯದಲ್ಲಿ ಇಡಬಹುದು: ‘ದ ವಿಂಡೋ ವಾಸ್ ಬ್ರೋಕನ್ ಬೈ ದ ಬಾಯ್ ವಿತ್ ಎ ಸ್ಟೋನ್’. ಮಾಡಿದವನಿಗೆ ಬೈ, ಕೈಯಲ್ಲಿದ್ದ ಸಾಧನಕ್ಕೆ ವಿತ್. ಮರದಿಂದ ಮಾಡಿದ ಕುರ್ಚಿ ‘ಮೇಡ್ ಆಫ್ ವುಡ್’, ಏಕೆಂದರೆ ಕುರ್ಚಿಯಲ್ಲಿ ಮರ ಇನ್ನೂ ಮರವಾಗಿಯೇ ಕಾಣುತ್ತದೆ. ಮರದಿಂದ ಮಾಡಿದ ಕಾಗದ ‘ಮೇಡ್ ಫ್ರಮ್ ವುಡ್’, ಏಕೆಂದರೆ ಕಾಗದದಲ್ಲಿ ಮರ ಗುರುತು ಸಿಗದಂತೆ ಬದಲಾಗಿದೆ.

‘ಮೇಲೆ’ ಯಾಕೆ ಕೈಕೊಡುತ್ತದೆ

ನಿಮಗೆ ತಪ್ಪು ಅಂತ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಪುಸ್ತಕ ಮೇಜಿನ ಮೇಲೆ ಇದ್ದರೆ ಆನ್. ಅಲ್ಲಿಗೆ ಆ ಹೊಂದಾಣಿಕೆ ಹೆಚ್ಚುಕಡಿಮೆ ಮುಗಿಯಿತು. ಕನ್ನಡದಲ್ಲಿ ‘ಮೇಲೆ’ ಭಾವನೆಗಳ ಜೊತೆಗೂ ಬರುತ್ತದೆ. ಇಂಗ್ಲಿಷ್‌ನಲ್ಲಿ ಪ್ರತಿ ಭಾವನೆಗೂ ಅದರದೇ ಜೊತೆಗಾರ ಇದೆ. ಅವನ ಮೇಲೆ ಸಿಟ್ಟು: ‘ಆ್ಯಂಗ್ರಿ ವಿತ್ ಹಿಮ್’. ‘ಆ್ಯಂಗ್ರಿ ಆನ್ ಹಿಮ್’ ಅಂದರೆ ಇಂಗ್ಲಿಷ್‌ನವರಿಗೆ ಅರ್ಥವಾಗಬಹುದು, ಆದರೆ ಅವರು ಹಾಗೆ ಹೇಳುವುದಿಲ್ಲ. ಅವಳ ಮೇಲೆ ಪ್ರೀತಿ: ‘ಲವ್ ಫಾರ್ ಹರ್’. ಅವರ ಮೇಲೆ ನಂಬಿಕೆ: ‘ಫೇಯ್ತ್ ಇನ್ ದೆಮ್’. ಅವರ ಮೇಲೆ ದೂರು: ‘ಎ ಕಂಪ್ಲೇಂಟ್ ಅಗೇನ್ಸ್ಟ್ ದೆಮ್’. ಊಟ ಆದ ಮೇಲೆ: ‘ಆಫ್ಟರ್’. ನೂರರ ಮೇಲೆ ಜನ: ‘ಓವರ್ ಎ ಹಂಡ್ರೆಡ್’. ಮೋಡದ ಮೇಲೆ ವಿಮಾನ: ‘ಅಬೋವ್ ದ ಕ್ಲೌಡ್ಸ್’, ಏಕೆಂದರೆ ಅಲ್ಲಿ ಒಂದಕ್ಕೊಂದು ತಾಗಿಲ್ಲ.

ಇಲ್ಲಿ ಬಿಂದು, ಮೈ, ಒಳಗಿನ ಚಿತ್ರ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಸಿಟ್ಟಿಗೆ ಯಾಕೆ ವಿತ್, ನಂಬಿಕೆಗೆ ಯಾಕೆ ಇನ್ ಅಂತ ಕಾರಣ ಹುಡುಕುತ್ತಾ ಕೂರಬೇಡಿ. ಕನ್ನಡದಲ್ಲಿ ‘ಅವನಿಗೆ ಹೆದರಿದೆ’ ಅನ್ನುತ್ತೇವೆ. ಯಾಕೆ ‘ಗೆ’ ಅಂತ ಯಾರಾದರೂ ಕೇಳಿದರೆ ನಾವು ಏನು ಹೇಳುತ್ತೇವೆ? ಹಾಗೇ ಹೇಳುವುದು ಅಂತೀವಿ ಅಷ್ಟೇ. ಇಂಗ್ಲಿಷ್‌ನಲ್ಲಿ ಅದು ‘ಅಫ್ರೇಡ್ ಆಫ್ ಹಿಮ್’.

ಇದೇ ನಾನು ಮೊದಲು ಹೇಳಿದ ಉಳಿದರ್ಧ ದಾರಿ. ಕ್ರಿಯಾಪದ, ಗುಣವಾಚಕಗಳ ಜೊತೆ ಬರುವ ಪ್ರಿಪೊಸಿಷನ್ನನ್ನು ಬಿಡಿಯಾಗಿ ಕಲಿಯಲೇಬೇಡಿ. ‘ಡಿಪೆಂಡ್’ ಅಂತ ಬರೆದುಕೊಳ್ಳಬೇಡಿ, ‘ಡಿಪೆಂಡ್ ಆನ್’ ಅಂತ ಬರೆದುಕೊಳ್ಳಿ. ‘ಇಂಟರೆಸ್ಟೆಡ್ ಇನ್’, ‘ಗುಡ್ ಆ್ಯಟ್’, ‘ಮ್ಯಾರೀಡ್ ಟು’, ‘ಡಿಫರೆಂಟ್ ಫ್ರಮ್’, ‘ಕಂಗ್ರಾಚುಲೇಟ್ ಆನ್’. ಎರಡೂ ಸೇರಿ ಒಂದೇ ಪದ ಅಂತ ನಾಲಿಗೆಗೆ ರೂಢಿಯಾಗಬೇಕು.

ಬೇಡದ ಕಡೆ ಹಾಕುವುದು, ಬೇಕಾದ ಕಡೆ ಬಿಡುವುದು

ತಪ್ಪು ಪ್ರಿಪೊಸಿಷನ್ ಹಾಕುವುದಷ್ಟೇ ಅಲ್ಲ, ಬೇಡದ ಕಡೆ ಹಾಕುವುದೂ ನಮ್ಮಲ್ಲಿ ಇದೆ. ‘ವಿಷಯದ ಬಗ್ಗೆ ಚರ್ಚಿಸಿದೆವು’ ಅನ್ನುವ ಅಭ್ಯಾಸಕ್ಕೆ ‘ಡಿಸ್ಕಸ್ ಅಬೌಟ್’ ಬರುತ್ತದೆ. ಡಿಸ್ಕಸ್‌ಗೆ ಅಬೌಟ್ ಬೇಡ. ‘ಪ್ರಶ್ನೆಗೆ ಉತ್ತರಿಸು’ ಅಂದರೆ ‘ಆನ್ಸರ್ ದ ಕ್ವೆಶ್ಚನ್’, ‘ಟು’ ಬೇಡ. ಆದರೆ ‘ಉತ್ತರ’ ನಾಮಪದವಾದರೆ ‘ಟು’ ಬೇಕು: ‘ದ ಆನ್ಸರ್ ಟು ದ ಕ್ವೆಶ್ಚನ್’. ಡಿಸ್ಕಸ್ ಕೂಡ ಹಾಗೇ, ಡಿಸ್ಕಶನ್ ಆದರೆ ಅಬೌಟ್ ಬರಬಹುದು. ಅಟೆಂಡ್, ಎಂಟರ್, ರೀಚ್, ಮ್ಯಾರಿ, ರಿಸೆಂಬಲ್, ಕಾಂಟ್ಯಾಕ್ಟ್ ಇವುಗಳ ನಂತರ ನೇರವಾಗಿ ವ್ಯಕ್ತಿಯೋ ವಸ್ತುವೋ ಬರಲಿ. ‘ಮನೆಗೆ ಹೋದೆ’ ಅಂದರೆ ಬರೀ ‘ವೆಂಟ್ ಹೋಮ್’.

ಇದಕ್ಕೆ ತಿರುಗುಮುರುಗಾದದ್ದೂ ಇದೆ. ಕನ್ನಡದಲ್ಲಿ ‘ಅನ್ನು’ ಬಂದು ಕೆಲಸ ಮುಗಿಯುತ್ತದೆ, ಇಂಗ್ಲಿಷ್‌ನಲ್ಲಿ ಪ್ರಿಪೊಸಿಷನ್ ಬೇಕೇ ಬೇಕು. ಹಾಡನ್ನು ಕೇಳು: ‘ಲಿಸನ್ ಟು’. ಚಿತ್ರವನ್ನು ನೋಡು: ‘ಲುಕ್ ಆ್ಯಟ್’. ಬೀಗದ ಕೈಯನ್ನು ಹುಡುಕು: ‘ಲುಕ್ ಫಾರ್’. ಅವಳನ್ನು ಕಾಯಿ: ‘ವೇಟ್ ಫಾರ್’. ಮತ್ತೆ ‘ನನಗೆ ವಿವರಿಸು’ ಅಂದರೆ ‘ಎಕ್ಸ್‌ಪ್ಲೇನ್ ಟು ಮಿ’. ಇದರಲ್ಲಿ ‘ಟು’ ಬಿಡುವವರು ಬಹಳ. ‘ಅವನಿಗೆ ಹೇಳಿದೆ’ ಅನ್ನುವುದಕ್ಕೆ ಎರಡು ದಾರಿ: ‘ಟೋಲ್ಡ್ ಹಿಮ್’ ಅಥವಾ ‘ಸೆಡ್ ಟು ಹಿಮ್’. ಎರಡನ್ನೂ ಬೆರೆಸಿ ‘ಟೋಲ್ಡ್ ಟು ಹಿಮ್’ ಮಾಡಬೇಡಿ.

ಕೆಲವು ಕಡೆ ಒಂದೇ ಕ್ರಿಯಾಪದದ ಜೊತೆ ಎರಡು ಬೇರೆ ಪ್ರಿಪೊಸಿಷನ್‌ ಬರುತ್ತವೆ, ಅರ್ಥ ಬೇರೆಯಾಗುತ್ತದೆ. ‘ಅವನಿಗೆ ಚೆಂಡು ಎಸೆದ’ ಅನ್ನುವ ಕನ್ನಡ ವಾಕ್ಯದಲ್ಲಿ ಪ್ರೀತಿ ಇದೆಯೋ ಸಿಟ್ಟಿದೆಯೋ ಗೊತ್ತಾಗುವುದಿಲ್ಲ. ‘ಥ್ರ್ಯೂ ದ ಬಾಲ್ ಟು ಹಿಮ್’ ಅಂದರೆ ಅವನು ಹಿಡಿಯಲಿ ಅಂತ ಎಸೆದದ್ದು. ‘ಥ್ರ್ಯೂ ದ ಬಾಲ್ ಆ್ಯಟ್ ಹಿಮ್’ ಅಂದರೆ ಅವನಿಗೆ ತಗಲಲಿ ಅಂತ ಎಸೆದದ್ದು. ‘ಶೌಟ್ ಟು’ ಮತ್ತು ‘ಶೌಟ್ ಆ್ಯಟ್’ ಕೂಡ ಹಾಗೇ. ದೂರದಲ್ಲಿದ್ದವರಿಗೆ ಕೇಳಿಸಲಿ ಅಂತ ಕೂಗಿದರೆ ಟು, ಗದರಿದರೆ ಆ್ಯಟ್. ಇಷ್ಟು ಚಿಕ್ಕ ಪದ ಇಡೀ ವಾಕ್ಯದ ಮನಸ್ಸನ್ನೇ ತಿರುಗಿಸುತ್ತದೆ. ಪ್ರಿಪೊಸಿಷನ್ ಕಲಿಯಲು ಕಷ್ಟಪಡುವುದು ಸಾರ್ಥಕ ಅಂತ ನನಗೆ ಅನ್ನಿಸುವುದು ಇಂಥ ಕಡೆಯೇ.

‘ಟು’ ಬಗ್ಗೆ ಇನ್ನೊಂದು ಮಾತು. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’ ಅಂತ ಪತ್ರದ ಕೊನೆಗೆ ಬರೆಯುವವರು ತುಂಬ. ಇಲ್ಲಿರುವ ‘ಟು’ ಪ್ರಿಪೊಸಿಷನ್, ‘ಟು ಗೋ’, ‘ಟು ಈಟ್’ ಅನ್ನುವಾಗ ಬರುವ ಟು ಅಲ್ಲ. ಪ್ರಿಪೊಸಿಷನ್ ಆದಮೇಲೆ ಕ್ರಿಯೆ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು: ‘ಟು ಮೀಟಿಂಗ್ ಯೂ’. ಅನುಮಾನ ಬಂದಾಗ ಆ ಜಾಗದಲ್ಲಿ ಒಂದು ನಾಮಪದ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ದ ಮೀಟಿಂಗ್’ ಸರಿಯಾಗಿ ಕೇಳಿಸಿದರೆ ಅದು ಪ್ರಿಪೊಸಿಷನ್ನೇ.

ಒಂದು ರಜೆ ಪತ್ರ ತಿದ್ದೋಣ

ಮೇಲಿನದೆಲ್ಲ ಒಂದೇ ಕಡೆ ಹೇಗೆ ಬರುತ್ತದೆ ಅಂತ ತೋರಿಸಲು ನಾಲ್ಕು ಸಾಲಿನ ಪತ್ರ ಬರೆದಿದ್ದೇನೆ. ಇಂಥ ಸಾಲುಗಳು ಪತ್ರಗಳಲ್ಲಿ ದಿನಾ ಕಾಣುತ್ತವೆ.

‘ಐ ಆಮ್ ವರ್ಕಿಂಗ್ ಇನ್ ದಿಸ್ ಆಫೀಸ್ ಸಿನ್ಸ್ ತ್ರೀ ಇಯರ್ಸ್. ಐ ಆಮ್ ಸಫರಿಂಗ್ ವಿತ್ ಫೀವರ್ ಫ್ರಮ್ ಮಂಡೇ. ಐ ವಿಲ್ ರಿಟರ್ನ್ ಆನ್ ನೆಕ್ಸ್ಟ್ ಥರ್ಸ್‌ಡೇ. ಐ ವಾಂಟ್ ಟು ಡಿಸ್ಕಸ್ ಅಬೌಟ್ ಮೈ ಲೀವ್ ವಿತ್ ಯೂ.’

ಮೊದಲ ಸಾಲಿನಲ್ಲಿ ಮೂರು ವರ್ಷ ಅನ್ನುವುದು ಗೆರೆ, ಚುಕ್ಕೆ ಅಲ್ಲ. ಹಾಗಾಗಿ ಫಾರ್, ಕ್ರಿಯಾಪದ ‘ಹ್ಯಾವ್ ಬೀನ್ ವರ್ಕಿಂಗ್’. ‘ಇನ್ ದಿಸ್ ಆಫೀಸ್’ ಸರಿಯಾಗಿಯೇ ಇದೆ, ಮುಟ್ಟಬೇಡಿ. ಎರಡನೆಯ ಸಾಲಿನಲ್ಲಿ ಸಫರ್ ಜೊತೆಗಾರ ಫ್ರಮ್, ವಿತ್ ಅಲ್ಲ. ಸೋಮವಾರ ಒಂದು ಚುಕ್ಕೆ, ಜ್ವರ ಈಗಲೂ ಇದೆ, ಆದ್ದರಿಂದ ಸಿನ್ಸ್. ಇಡೀ ಸಾಲನ್ನು ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಸಿನ್ಸ್ ಮಂಡೇ’ ಅಂತ ಬರೆದರೆ ಇನ್ನೂ ಸರಳ. ನಾನಂತೂ ಹಾಗೇ ಬರೆಯುತ್ತೇನೆ. ಮೂರನೆಯದರಲ್ಲಿ ನೆಕ್ಸ್ಟ್ ಇದೆ, ಆನ್ ತೆಗೆಯಿರಿ. ನಾಲ್ಕನೆಯದರಲ್ಲಿ ಅಬೌಟ್ ತೆಗೆಯಿರಿ, ವಿತ್ ಇರಲಿ, ಏಕೆಂದರೆ ಅದು ಚರ್ಚೆಯ ವಿಷಯವಲ್ಲ, ಯಾರ ಜೊತೆ ಅನ್ನುವುದು.

ನಿಮ್ಮದೇ ಹಳೆಯ ಪತ್ರ ಒಂದನ್ನು ಹೀಗೆ ಎದುರಿಗಿಟ್ಟು ತಿದ್ದಿ. ಪ್ರತಿ ಪ್ರಿಪೊಸಿಷನ್‌ಗೂ ಒಂದೇ ಪ್ರಶ್ನೆ: ಇದು ಚಿತ್ರದಿಂದ ಬಂದದ್ದೋ, ಪಕ್ಕದ ಪದದಿಂದ ಬಂದದ್ದೋ? ಚಿತ್ರದಿಂದ ಬಂದದ್ದಾದರೆ ಕಣ್ಣು ಮುಚ್ಚಿ ಜಾಗ, ಹೊತ್ತು ಕಲ್ಪಿಸಿಕೊಳ್ಳಿ. ಪದದಿಂದ ಬಂದದ್ದಾದರೆ ನಿಘಂಟು ತೆಗೆಯಿರಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥದ ಜೊತೆಗೆ ಯಾವ ಪ್ರಿಪೊಸಿಷನ್ ಬರುತ್ತದೆ ಅಂತ ದಪ್ಪ ಅಕ್ಷರದಲ್ಲಿ ಕೊಟ್ಟಿರುತ್ತಾರೆ, ಕೆಳಗೆ ಉದಾಹರಣೆಯೂ ಇರುತ್ತದೆ. ಹೆಚ್ಚಿನವರು ಅರ್ಥ ನೋಡಿ ಪುಟ ಮುಚ್ಚುತ್ತಾರೆ. ನೀವು ಉದಾಹರಣೆ ವಾಕ್ಯವನ್ನು ಗಟ್ಟಿಯಾಗಿ ಓದಿ.

ಗಟ್ಟಿಯಾಗಿ ಓದಿ ಅಂದದ್ದಕ್ಕೆ ಕಾರಣ ಇದೆ. ಮಾತಾಡುವಾಗ ಇಂಗ್ಲಿಷ್‌ನವರು ಪ್ರಿಪೊಸಿಷನ್‌ಗಳ ಮೇಲೆ ಒತ್ತು ಹಾಕುವುದಿಲ್ಲ. ‘ಟು’ ಅನ್ನುವುದು ಬರೀ ‘ಟ’ ಅನ್ನುವಷ್ಟೇ ಕೇಳಿಸುತ್ತದೆ, ‘ಫಾರ್’ ಅನ್ನುವುದು ‘ಫ’ ಆಗಿ ಹಾರಿಹೋಗುತ್ತದೆ. ಎಷ್ಟೇ ಸಿನಿಮಾ ನೋಡಿದರೂ, ಭಾಷಣ ಕೇಳಿದರೂ ಈ ಪದಗಳು ನಮ್ಮ ಕಿವಿಯಲ್ಲಿ ನಿಲ್ಲದಿರುವುದು ಅದಕ್ಕೇ. ಕೇಳಿ ಕಲಿಯುತ್ತೇನೆ ಅನ್ನುವವರು ಮಾತಿನ ಜೊತೆಗೆ ಬರಹವನ್ನೂ ಕಣ್ಣೆದುರು ಇಟ್ಟುಕೊಳ್ಳಲಿ.

ಇಬ್ಬರು ಬಲ್ಲವರು ಎರಡು ಥರ ಹೇಳಿದರೆ ಗಾಬರಿಯಾಗಬೇಡಿ. ಬ್ರಿಟಿಷರು ‘ಆ್ಯಟ್ ದ ವೀಕೆಂಡ್’ ಅಂದರೆ ಅಮೆರಿಕನ್ನರು ‘ಆನ್ ದ ವೀಕೆಂಡ್’ ಅನ್ನುತ್ತಾರೆ. ಬ್ರಿಟಿಷರ ‘ಮಂಡೇ ಟು ಫ್ರೈಡೇ’ ಅಮೆರಿಕದಲ್ಲಿ ‘ಮಂಡೇ ಥ್ರೂ ಫ್ರೈಡೇ’. ಯಾವುದಾದರೂ ಒಂದನ್ನು ಹಿಡಿದು ಒಂದು ಬರಹದ ಉದ್ದಕ್ಕೂ ಅದನ್ನೇ ಬಳಸಿ.

ಕೊನೆಗೆ ನಿಮ್ಮ ಕೊನೆಯ ಪ್ರಶ್ನೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅನ್ನುವ ಮಾತು ಹಳೆಯದು. ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲಿ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಸಾಲೊಂದು ಹಾಗೆ ಮುಗಿಯುತ್ತದೆ ಅಂತ ಆಕ್ಷೇಪ ಎತ್ತಿದ. ಮುಂದೆ ತನ್ನ ಬರಹದಲ್ಲೂ ಅಂಥ ವಾಕ್ಯಗಳನ್ನು ತಿದ್ದಿದ. ಆಮೇಲೆ ಬಂದ ಎಷ್ಟೋ ವ್ಯಾಕರಣ ಪಾಠಗಳಲ್ಲಿ ಅದು ನಿಯಮದ ಹಾಗೆ ಬೇರೂರಿತು. ಆದರೆ ಇಂಗ್ಲಿಷ್ ಮಾತು ಯಾವತ್ತೂ ಅದಕ್ಕೆ ಬಗ್ಗಲಿಲ್ಲ. ‘ವಾಟ್ ಆರ್ ಯೂ ಲುಕಿಂಗ್ ಫಾರ್?’ ಅನ್ನುವುದು ಪೂರ್ತಿ ಸರಿಯಾದ ವಾಕ್ಯ. ಅದನ್ನು ‘ಫಾರ್ ವಾಟ್ ಆರ್ ಯೂ ಲುಕಿಂಗ್?’ ಅಂತ ತಿರುಗಿಸಿದರೆ ಸುಮ್ನೆ ಗಂಟಲಿಗೆ ಸಿಕ್ಕಿಕೊಂಡ ಹಾಗೆ ಕೇಳಿಸುತ್ತದೆ. ತೀರ ಗಂಭೀರವಾದ ಕಚೇರಿ ಬರಹದಲ್ಲಿ ‘ಇನ್ ವಿಚ್’, ‘ಟು ಹೂಮ್’ ಬಳಸುವವರಿದ್ದಾರೆ, ಅದು ತಪ್ಪಲ್ಲ. ಆದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ‘ದ ರೂಮ್ ಇನ್ ವಿಚ್ ಐ ಲಿವ್ ಇನ್’ ಅನ್ನುವಲ್ಲಿ ಒಂದು ಇನ್ ಜಾಸ್ತಿಯಾಗಿದೆ. ಮೊದಲನೆಯದನ್ನು ತೆಗೆದರೂ ಸರಿ, ಕೊನೆಯದನ್ನು ತೆಗೆದರೂ ಸರಿ.